ನೀಲಿ ಅಂಚಿನ ಬಟ್ಟಲು

ಮನೆಯಿಂದ,
ಮಂಗಳವಾರ, ಹಬ್ಬಕ್ಕೆ ಇನ್ನು ಹನ್ನೆರಡು ದಿನ

ಪ್ರೀತಿಯ ತಂಗೀ,

ಹೇಗಿದ್ದೀಯ? ಭಾವನವರ ಮಂಡಿನೋವು ಹೇಗಿದೆ? ಈಗಲೂ ಒಂದೊಂದು ಮೆಟ್ಟಿಲಿಗೂ ಒಂದೊಂದು ಬೈಗುಳ ಹಾಕಿಕೊಂಡೇ ಹತ್ತುತ್ತಾರಾ? ನಿನ್ನ ಸೊಸೆಯ ಕೆಮ್ಮು ನಿಂತಿತಾ? ಮೊಮ್ಮಗ ಗುಂಡನಿಗೆ ಮುಂದಿನ ಹಲ್ಲು ಬಂತಾ, ಇಲ್ಲ ಇನ್ನೂ ಸೀಟಿ ಹೊಡೆದುಕೊಂಡೇ ಮಾತಾಡ್ತಾನಾ? ಇಲ್ಲಿ ನಾವಿಬ್ಬರೂ ಕ್ಷೇಮ. ಸೂಜಿಗೆ ದಾರ ಪೋಣಿಸುವಷ್ಟು ಕಣ್ಣು ನನಗೆ ಉಳಿದಿಲ್ಲ, ಆದರೆ ಹೊಲಿಗೆ ಮೆಷಿನ್ನಿಗೆ ಏನಾಗಿದೆ ಅಂತ ಸದ್ದಿನಲ್ಲೇ ಗೊತ್ತಾಗುತ್ತೆ. ಹಾಗಾಗಿ ರಿಪೇರಿ ಅಂಗಡಿಗೆ ಹೋಗೋದು ಬಿಟ್ಟಿಲ್ಲ.

ಹೋದ ಹಬ್ಬದ ಮಧ್ಯಾಹ್ನ ತಟ್ಟೆ ಅರ್ಧಕ್ಕೇ ಬಿಟ್ಟು ಎದ್ದು ಹೋದವಳು ನೀನು, ಆಮೇಲೆ ಒಂದು ಸಾಲೂ ಬರೆದಿಲ್ಲ. ಫೋನ್ ಮಾಡಿದಾಗಲೆಲ್ಲ ಭಾವ ಎತ್ತಿಕೊಂಡು "ಅವಳು ಸ್ನಾನಕ್ಕೆ ಹೋಗಿದಾಳೆ" ಅಂತಾರೆ. ವರ್ಷವಿಡೀ ಸ್ನಾನ ಮಾಡೋರುಂಟಾ ತಂಗೀ? ಅದಕ್ಕೇ ಈ ಕಾಗದ. ಇದು ನೀನು ಬಚ್ಚಲಿಂದ ಬರೋವರೆಗೂ ಕಾಯುತ್ತೆ.

ಈ ಸಲ ಹಬ್ಬದ ಬನ್ನು ಮಾಡೋನು ನಾನೇ. ನಗಬೇಡ. ನಿನ್ನ ಅತ್ತಿಗೆ ಬಕೆಟ್ ಎತ್ತೋಕೆ ಹೋಗಿ ಮಣಿಕಟ್ಟು ಉಳುಕಿಸಿಕೊಂಡಿದಾಳೆ. ಕುರ್ಚಿ ಹಾಕಿಕೊಂಡು ಕೂತು, ನಾನು ಹಿಟ್ಟು ನಾದೋದನ್ನ ನೋಡಿ "ಬೋಲ್ಟು ತಿರುಗಿಸ್ತಿದೀರಾ?" ಅಂತ ಕೇಳ್ತಾಳೆ. ಅಮ್ಮ ಬರೆದಿಟ್ಟ ಚೀಟಿ ಹುಡುಕಿ ತೆಗೆದೆ. ಎಣ್ಣೆ ಕುಡಿದು ಕುಡಿದು ಆಚೆ ಕಡೆ ಬೆಳಕು ಕಾಣಿಸುತ್ತೆ. ಚಕ್ಕೆ, ಲವಂಗ, ಜಾಯಿಕಾಯಿ ಎಲ್ಲದರ ಮುಂದೂ ಅಳತೆ ಅಂತ ಒಂದೇ ಮಾತು: "ಸಾಕು ಅನ್ನಿಸುವಷ್ಟು". ಯಾರಿಗೆ ಅನ್ನಿಸಬೇಕು ಅಂತ ಬರೆದಿಲ್ಲ ಮಹಾತಾಯಿ.

ಚಕ್ಕೆ ಕುಟ್ಟಿದ್ದೇ ತಡ, ಆ ಹಳೇ ಅಡುಗೆಮನೆಯೇ ಎದ್ದು ಬಂದು ಮುಂದೆ ನಿಂತಂಗಾಯ್ತು. ನೆನಪಿದೆಯಾ, ಅಮ್ಮ ನಾದಿದ ಹಿಟ್ಟನ್ನ ಪಾತ್ರೆ ಸಮೇತ ತನ್ನ ಹಾಸಿಗೆಯಲ್ಲಿಟ್ಟು, ಕಂಬಳಿ ಹೊದಿಸಿ, "ಮಲಗಿದೆ, ಯಾರೂ ಸದ್ದು ಮಾಡಬೇಡಿ" ಅಂತಿದ್ದಳು. ನೀನು ತುದಿಗಾಲಲ್ಲಿ ಹೋಗಿ ಕಂಬಳಿಯೊಳಗೆ ಮೂಗು ತೂರಿಸಿ "ಎದ್ದಿದೆ, ಅಮ್ಮಾ, ಎದ್ದಿದೆ!" ಅಂತ ಓಡಿ ಬರ್ತಿದ್ದೆ. ಅಪ್ಪನಿಗೆ ಆ ಮಧ್ಯಾಹ್ನ ಮಲಗೋಕೆ ಜಾಗ ಇರ್ತಿರಲಿಲ್ಲ. ಬೆಂಚಿನ ಮೇಲೆ ಕೂತು "ನನ್ನ ಮನೇಲಿ ಮೈದಾಹಿಟ್ಟಿಗಿರೋ ಮರ್ಯಾದೆ ನನಗಿಲ್ಲ" ಅಂತ ಗೊಣಗೋರು. ತಗಡಿನ ಓವನ್ನಿನ ಬಾಗಿಲು ತೆಗೆದಾಗ ಬರುತ್ತಿದ್ದ ಆ ವಾಸನೆ, ಒಣದ್ರಾಕ್ಷಿ ಸ್ವಲ್ಪ ಸೀದ ವಾಸನೆ ಸೇರಿದಂತೆ, ಇವತ್ತಿಗೂ ನನಗೆ ಹಬ್ಬ ಅಂದರೆ ಅದೇ. ಪ್ರಾರ್ಥನೆ, ಹೊಸ ಬಟ್ಟೆ ಎಲ್ಲ ಆಮೇಲೆ.

ಇನ್ನೊಂದು ಹಬ್ಬವೂ ನೆನಪಾಯ್ತು. ನಿನಗೆ ಹದಿನಾರು, ನನಗೆ ಹತ್ತೊಂಬತ್ತು. ಅಮ್ಮ ಅಂಗೈ ಸುಟ್ಟುಕೊಂಡಿದ್ದಳು, ಮೊದಲ ಸಲ ಎಲ್ಲ ನಿನ್ನ ಕೈಗೆ ಕೊಟ್ಟಳು. ನೀನು ಎರಡು ಜಡೆ ಎತ್ತಿ ಕಟ್ಟಿಕೊಂಡು ದೊಡ್ಡ ಹೆಂಗಸಿನ ಹಾಗೆ ಓಡಾಡಿದೆ. ಹಿಟ್ಟು ಎದ್ದೇಳಲಿಲ್ಲ. ಬನ್ನುಗಳು ಕಲ್ಲಾದವು. ಸೋದರಮಾವ ಒಂದನ್ನ ಬಾಗಿಲಿಗೆ ಒತ್ತಿಟ್ಟು "ಗಾಳಿಗೂ ಅಲ್ಲಾಡಲ್ಲ ನೋಡಿ" ಅಂದರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ನಿನಗೆ "ಇಟ್ಟಿಗೆ ರಾಣಿ" ಅಂತ ಹೆಸರಿಟ್ಟವನೂ ನಾನೇ. ಆಮೇಲೆ ನೀನು ಹಿಟ್ಟಿಗೆ ಕೈ ಹಾಕಲೇ ಇಲ್ಲ. ಅಮ್ಮ ಎಷ್ಟು ಕರೆದರೂ "ನನಗೆ ಅದು ಬರಲ್ಲಮ್ಮ" ಅಂದುಬಿಟ್ಟೆ. ನಲವತ್ತಾರು ವರ್ಷ ಹಬ್ಬ ಹಬ್ಬಕ್ಕೂ ಅದೇ ಕಥೆ ಹೇಳಿದೆ ನಾನು. ಹೋದ ವರ್ಷ ನಿನ್ನ ಸೊಸೆಯ ಮುಂದೆಯೂ ಹೇಳಿದೆ. ಗುಂಡ "ಅಜ್ಜೀ, ನೀನು ಇಟ್ಟಿಗೆ ಮಾಡ್ತಿದ್ಯಾ?" ಅಂದ. ನೀನು ತಟ್ಟೆ ಸರಿಸಿ ಎದ್ದೆ. ಈ ವಯಸ್ಸಿನಲ್ಲಿ ತಮಾಷೆಗೆ ಇಷ್ಟು ಕೋಪವಾ ಅಂದುಕೊಂಡೆ. ಮಾತು ಆಡಿದರೆ ಹೋಯ್ತು ಅನ್ನೋದು ಗೊತ್ತಿದ್ದೂ ಕ್ಷಮೆ ಕೇಳಲಿಲ್ಲ.

ಭಾನುವಾರ ಪರೀಕ್ಷೆಗೆ ಅಂತ ಒಂದು ಸಲ ಮಾಡಿ ನೋಡಿದೆ. ಕಲ್ಲು! ನಿನ್ನ ಅತ್ತಿಗೆ ಒಂದನ್ನ ಕಟ್ಟೆಗೆ ಕುಟ್ಟಿದಳು, ಟಕ್ ಅಂತು. ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಯಾಕೆ ಹಾಗಾಯ್ತು ಅನ್ನೋದನ್ನ ಈ ಹಾಳೆ ಮುಗಿಯೋದರೊಳಗೆ ಬರೀತೀನಿ, ಕೈ ಇನ್ನೂ ಒಪ್ಪುತ್ತಿಲ್ಲ.

ಭಾವನವರಿಗೆ ನಮಸ್ಕಾರ, ನಿನ್ನ ಸೊಸೆಗೂ ಗುಂಡನಿಗೂ ಆಶೀರ್ವಾದ. ನಿನಗೆ ಏನು ಹೇಳಲಿ, ನೂರು ಕಾಲ ಚೆನ್ನಾಗಿರು.

ನಿನ್ನ
ಅಣ್ಣ

ತಾ.ಕ.: ಅಂಚೆಗೆ ಹಾಕೋಕೆ ಹೋದವನು ಬಾಗಿಲಿಂದ ವಾಪಸ್ ಬಂದೆ. ಕೇಳು. ಭಾನುವಾರ ಹಾಲಲ್ಲಿ ಕದಡಿದ ಯೀಸ್ಟು ಎಷ್ಟು ಹೊತ್ತಾದರೂ ನೊರೆ ಬರಲಿಲ್ಲ. ಮೆಷಿನ್ನು ಗಟ್ಟಿಯಾದರೆ ಎಣ್ಣೆ ಕಾಯಿಸಿ ಬಿಡೋನಲ್ಲವಾ ನಾನು, ಬಟ್ಟಲನ್ನೇ ಒಲೆ ಮೇಲಿಟ್ಟೆ. ನಿನ್ನ ಅತ್ತಿಗೆ "ಅಯ್ಯೋ, ಯೀಸ್ಟನ್ನ ಬೇಯಿಸಿ ಸಾಯಿಸಿಬಿಟ್ರಲ್ರೀ, ಇನ್ನು ಹಿಟ್ಟು ಏಳುತ್ತಾ!" ಅಂದಳು. ಆ ಮಾತು ಕೇಳಿ ಬಟ್ಟಲು ಕೆಳಗಿಟ್ಟು ಅಲ್ಲೇ ಕೂತೆ. ಆ ಹಬ್ಬದ ದಿನ ನೀನು ದ್ರಾಕ್ಷಿ ತೊಳೆಯೋಕೆ ಹಿತ್ತಲಿಗೆ ಹೋದಾಗ, ಬೇಗ ಆಗಲಿ ಅಂತ, ನೀನು ಯೀಸ್ಟು ಕದಡಿಟ್ಟಿದ್ದ ಅಮ್ಮನ ನೀಲಿ ಅಂಚಿನ ಬಟ್ಟಲನ್ನ ಒಲೆ ಮೇಲಿಟ್ಟು, ಮತ್ತೆ ಇಳಿಸಿ ಬಟ್ಟೆ ಮುಚ್ಚಿದವನು ನಾನು. ಸಹಾಯ ಅಂತಲೇ ಮಾಡಿದ್ದು. ಆದರೆ ಬನ್ನು ಕಲ್ಲಾದಾಗ ನನಗೆ ಅನುಮಾನವೇ ಬರಲಿಲ್ಲ ಅಂದರೆ ಸುಳ್ಳಾಗುತ್ತೆ. ಬಂತು. ಅದಕ್ಕೇ ಅಷ್ಟು ಜೋರಾಗಿ ನಕ್ಕೆ. ನಿನ್ನ ಕೈಯಲ್ಲಿ ಯಾವತ್ತೂ ತಪ್ಪಿರಲಿಲ್ಲ ತಂಗೀ. ಉಪ್ಪು ತಿಂದವನು ನೀರು ಕುಡಿಯಬೇಕು. ಹಬ್ಬದ ದಿನ ಊಟಕ್ಕೆ ಕೂತಾಗ, ಗುಂಡನ ಮುಂದೆ, ಎಲ್ಲರ ಮುಂದೆ, ಇದನ್ನ ನಾನೇ ಹೇಳ್ತೀನಿ. ಆ ಬಟ್ಟಲು ಇನ್ನೂ ಇದೆ, ತೊಳೆದು ಬೋರಲು ಹಾಕಿದ್ದೀನಿ. ಹಿಟ್ಟು ನೀನು ಕಲಸಬೇಕು. ನಾನು ದ್ರಾಕ್ಷಿ ತೊಳೀತೀನಿ, ಒಲೆ ಹತ್ತಿರ ಸುಳಿಯಲ್ಲ. ಹಿಟ್ಟು ಮಲಗಿಸೋಕೆ ನನ್ನ ಹಾಸಿಗೆ ಬಿಟ್ಟುಕೊಡ್ತೀನಿ. ಬರ್ತೀನಿ ಅಂತಲಾದರೂ ಬರೆ, ಬೈದಾದರೂ ಬರೆ, ಬೇಗ ಬರೆ.