ಭಾನುವಾರದ ಬೀದಿಯಲ್ಲಿ ಪಾಸಾದ ನನ್ನ ಮಗಳು

ಮಾನ್ಯ ಶಾಲಾ ಸಾರಿಗೆ ಅಧಿಕಾರಿಗಳೇ,

ನನ್ನ ಮಗಳನ್ನು ನೀವು ಒಂದೇ ಒಂದು ಭಾನುವಾರದಲ್ಲಿ ಗುಣಪಡಿಸಿಬಿಟ್ಟಿರಿ. ಹದಿನಾರು ವರ್ಷದಿಂದ ಯಾವ ಡಾಕ್ಟರ ಕೈಲೂ ಆಗದ್ದು ನಿಮ್ಮ ಕಚೇರಿಯ ಕೈಲಿ ಆಯಿತು. ಅಭಿನಂದನೆಗಳು. ಆದರೆ ಸೋಮವಾರ ಬೆಳಿಗ್ಗೆ ಅವಳು ಮೊದಲಿನಂತೆಯೇ ಇದ್ದುದರಿಂದ, ನೀವು ಕಿತ್ತುಕೊಂಡ ಶಾಲಾ ವ್ಯಾನಿನ ಸೌಲಭ್ಯವನ್ನು ವಾಪಸ್ ಕೇಳಲು ಈ ಮೇಲ್ಮನವಿ. ಮೊದಲು ನಿಮಗೊಬ್ಬರಿಗೇ ಬರೆದಿದ್ದೆ. ಪರಿಶೀಲನೆಯಲ್ಲಿದೆ ಎಂದು ಉತ್ತರ ಬಂತು. ಅದು ಅಲ್ಲೇ ಹಾಯಾಗಿರಲಿ, ಈ ಸಲ ಊರಿಗೆಲ್ಲ ಕೇಳುವ ಹಾಗೆ ಹೇಳುತ್ತೇನೆ.

ಮಗಳಿಗೆ ಸದ್ದೆಂದರೆ ಆಗದು. ನಮಗೆ ಬರೀ ಕಿರಿಕಿರಿಯಾಗುವ ಹಾರ್ನು ಅವಳಿಗೆ ಮೈಗೆ ಬೆಂಕಿ ತಾಕಿದ ಹಾಗೆ. ಕಿವಿ ಮುಚ್ಚಿಕೊಂಡು ಇದ್ದಲ್ಲೇ ಕೂತುಬಿಡುತ್ತಾಳೆ. ಇದ್ದಲ್ಲೇ ಎಂದರೆ ಇದ್ದಲ್ಲೇ, ಅದು ನಡುರಸ್ತೆಯಾದರೂ ಸರಿ. ಉಳಿದಂತೆ ಬಲು ಚೂಟಿ. ನನ್ನ ಬ್ಯೂಟಿ ಪಾರ್ಲರಿಗೆ ಬರುವವರಲ್ಲಿ ಯಾರು ಮನೆಯಲ್ಲೇ ಕತ್ತರಿ ಆಡಿಸಿಕೊಂಡು ಬಂದಿದ್ದಾರೆ ಎಂಬುದನ್ನು ಮುಖಕ್ಕೆ ಹೊಡೆದಂತೆ ಹೇಳುತ್ತಾಳೆ. ಇದರಿಂದ ಕೆಲವು ಗಿರಾಕಿಗಳನ್ನು ಕಳೆದುಕೊಂಡಿದ್ದೇನೆ. ಅವಳು ಹೇಳಿದ್ದು ಮಾತ್ರ ಒಮ್ಮೆಯೂ ಸುಳ್ಳಾಗಿಲ್ಲ.

ಶಾಲೆ ಹತ್ತಿರವಿದೆಯಲ್ಲ, ಹುಡುಗಿ ನಡೆದು ಹೋಗಬಲ್ಲಳೇ ನೋಡೋಣ ಎಂದು ನೀವು ಒಬ್ಬ ತಪಾಸಣಾಧಿಕಾರಿಯನ್ನು ಕಳಿಸಿದಿರಿ. ಕಳಿಸಿದ್ದು ಭಾನುವಾರ. ವಾರದ ದಿನ ಅವರಿಗೆ ಕಚೇರಿಯಲ್ಲಿ ಕೆಲಸವಂತೆ, ಹೊರಗಿನ ತಪಾಸಣೆಗಳೆಲ್ಲ ರಜಾ ದಿನವೇ ಅಂತೆ. ಮನುಷ್ಯ ಒಳ್ಳೆಯವರು, ಇಲ್ಲದ್ದನ್ನು ಹೇಳಬಾರದು. ಅಂಗಡಿಗಳ ಶಟರ್ ಇಳಿದಿದ್ದವು. ಸಿಗ್ನಲ್ ದೀಪ ತನ್ನಷ್ಟಕ್ಕೆ ತಾನೇ ಕೆಂಪು, ಹಸಿರು ಆಗುತ್ತಿತ್ತು. ನಡುರಸ್ತೆಯಲ್ಲಿ ನಾಯಿಯೊಂದು ಕಾಲು ಚಾಚಿ ಮಲಗಿತ್ತು. ಮಗಳು ಕೈ ಬೀಸಿಕೊಂಡು ನಡೆದಳು. ಶಾಲೆಯ ಗೇಟಿಗೆ ಬೀಗ ಬಿದ್ದಿರುವುದನ್ನು ಕಂಡು, "ಅಂಕಲ್, ಇವತ್ತು ರಜಾ. ನಿಮಗೆ ಗೊತ್ತಿಲ್ವಾ?" ಎಂದಳು. ಅವರು ನಕ್ಕರು. ದಯವಿಟ್ಟು ಸೋಮವಾರ ಬನ್ನಿ ಎಂದು ನಾನೂ ಕೇಳಿಕೊಂಡೆ. ಅದಕ್ಕೆ ಪ್ರತ್ಯೇಕ ಆದೇಶ ಬೇಕೆಂದರು. ವಾರದೊಳಗೆ ನಿಮ್ಮ ತೀರ್ಮಾನ ಬಂತು: ವಿದ್ಯಾರ್ಥಿನಿಯು ಯಾವುದೇ ತೊಂದರೆಯಿಲ್ಲದೆ ಸಂತೋಷದಿಂದ ನಡೆದಿರುವುದರಿಂದ ಸಾರಿಗೆ ಸೌಲಭ್ಯದ ಅಗತ್ಯ ಇರುವುದಿಲ್ಲ.

ಸಂತೋಷದಿಂದ ನಡೆದದ್ದು ನಿಜ, ಮಾನ್ಯರೇ. ಬೀದಿ ಅಷ್ಟು ಖಾಲಿ ಇದ್ದರೆ ನಾನೂ ಕುಣಿದುಕೊಂಡೇ ಹೋಗುತ್ತೇನೆ. ಆದರೆ ಮುಚ್ಚಿದ ಶಾಲೆಗೆ ನನ್ನ ಮಗಳು ಚೆನ್ನಾಗಿ ಹೋಗಬಲ್ಲಳೆಂದು ತೋರಿಸಿಕೊಟ್ಟು ಯಾರಿಗೇನು ಉಪಕಾರವಾಯಿತು? ಈಜು ಬರುತ್ತದೆಯೇ ಎಂದು ನೀರಿಲ್ಲದ ಕೊಳಕ್ಕೆ ಇಳಿಸಿ ನೋಡುವವರು ನಿಮ್ಮನ್ನು ಬಿಟ್ಟು ಬೇರೆ ಯಾರಾದರೂ ಇದ್ದಾರೆಯೇ?

ಆದರೂ ಆದೇಶಕ್ಕೆ ತಲೆಬಾಗಿ, ಅದು ಬಂದ ಮೇಲಿನ ಸೋಮವಾರ ನಾವಿಬ್ಬರೂ ನಡೆದೇ ಹೊರಟೆವು. ಪಾರ್ಲರಿನಲ್ಲಿ ಗಿರಾಕಿಯೊಬ್ಬರ ತಲೆಗೆ ಬಣ್ಣ ಹಚ್ಚಿ, ಈಗ ಬಂದೆ ಅಕ್ಕಾ ಎಂದು ಹೇಳಿ ಬಂದಿದ್ದೆ. ಸಿಗ್ನಲ್ ದಾಟುವಾಗ ಬಸ್ಸೊಂದು ಹಾರ್ನು ಹೊಡೆಯಿತು. ಮಗಳು ಕೂತಳು. ಎಬ್ಬಿಸಹೋದರೆ ಇನ್ನಷ್ಟು ಮುದುಡಿಕೊಂಡಳು. ಕೂತವಳನ್ನು ಎಬ್ಬಿಸಲು ಹಿಂದಿದ್ದ ಗಾಡಿಗಳೆಲ್ಲ ಸೇರಿ ಹಾರ್ನು ಶುರು ಮಾಡಿದವು. ನಾನು ಬಸ್ಸಿಗೆ ಬೆನ್ನು ಕೊಟ್ಟು, ಕಿವಿ ಮುಚ್ಚಿದ್ದ ಅವಳ ಕೈಗಳ ಮೇಲೆ ನನ್ನ ಕೈ ಒತ್ತಿ ಹಿಡಿದು ಅಲ್ಲೇ ಕೂತೆ. ಆ ಹೊತ್ತಿನಲ್ಲಿ ನನಗೆ ಜೀವಭಯವಾಯಿತು. ಅದನ್ನು ನಾನು ತಮಾಷೆ ಮಾಡಲಾರೆ. ಗಿರಾಕಿಯ ಕೂದಲು ಯಾವ ಬಣ್ಣಕ್ಕೆ ತಿರುಗಿತು ಎಂಬುದನ್ನು ಅವರೇ ನಿಮಗೆ ಬೇರೆಯಾಗಿ ಬರೆಯುತ್ತಾರಂತೆ.

ಅಂದಿನಿಂದ ಮಗಳು ಶಾಲೆಗೆ ಹೋಗಿಲ್ಲ. ಇನ್ನೊಂದು ಸಂಗತಿ ತಮಗೆ ಗೊತ್ತಿರಲಿಕ್ಕಿಲ್ಲ. ಆ ವ್ಯಾನು ಈಗಲೂ ದಿನಾ ನಮ್ಮ ಬಾಗಿಲ ಮುಂದೆಯೇ ಹೋಗುತ್ತದೆ, ಅದಕ್ಕೆ ಬೇರೆ ದಾರಿಯಿಲ್ಲ. ಅವಳ ಸೀಟೂ ಖಾಲಿಯಾಗಿಯೇ ಇದೆ. ಮಗಳು ಯೂನಿಫಾರ್ಮ್ ತೊಟ್ಟು, ಬ್ಯಾಗು ಬೆನ್ನಿಗೇರಿಸಿ, ಮೆಟ್ಟಿಲ ಮೇಲೆ ನಿಂತು ಕೈ ಎತ್ತುತ್ತಾಳೆ. ನಿಲ್ಲಿಸಕೂಡದೆಂದು ಡ್ರೈವರಿಗೆ ನಿಮ್ಮ ಅಪ್ಪಣೆ. ಆತ ಈ ಕಡೆ ತಿರುಗದೆ ಹೋಗುತ್ತಾನೆ. ತಿರುಗಿದರೆ ಬ್ರೇಕ್ ಹಾಕಿಬಿಡುತ್ತೇನೆ, ಕ್ಷಮಿಸಿ ಅಂತ ನನ್ನ ಹತ್ತಿರ ಹೇಳಿಕೊಂಡ. ನಿನ್ನೆ ಮಗಳು ಕೇಳಿದಳು: "ಅಮ್ಮಾ, ಡ್ರೈವರ್ ಮಾಮಂಗೆ ನನ್ನ ಮೇಲೆ ಕೋಪಾನಾ?"

ಇಲ್ಲ ಕಣೇ ಎಂದೆ.

"ಹಾಗಾದ್ರೆ ಇನ್ಯಾರಿಗೆ?"

ಇದಕ್ಕೆ ಉತ್ತರ ಕೊಡುವ ಅಧಿಕಾರ ನನಗಿಲ್ಲ. ಅದು ತಮ್ಮ ಇಲಾಖೆಗೆ ಸೇರಿದ್ದು. ನನ್ನ ಬೇಡಿಕೆ ಒಂದೇ: ವ್ಯಾನು ನಮ್ಮ ಬಾಗಿಲಲ್ಲಿ ನಿಲ್ಲಬೇಕು. ಅದು ಸಾಧ್ಯವೇ ಇಲ್ಲ ಎಂದಾದರೆ, ರಜೆಯಲ್ಲದ ಒಂದು ಬೆಳಿಗ್ಗೆ ತಾವೇ ಬನ್ನಿ. ಮೆಟ್ಟಿಲ ಮೇಲೆ ಅವಳ ಪಕ್ಕ ನಿಂತುಕೊಳ್ಳಿ. ವ್ಯಾನು ದಾಟಿ ಹೋದ ಮೇಲೆ ಅವಳು ನಿಮ್ಮನ್ನೂ ಕೇಳುತ್ತಾಳೆ. ಉತ್ತರ ಹೇಳಿ ಹೋಗಿ.

ಇಂತಿ,
ತಮ್ಮ ವ್ಯಾನು ನಿಲ್ಲದ ಮನೆಯಿಂದ,
ಕೈ ಇಳಿಸು ಎಂದು ಮಗಳಿಗೆ ಹೇಳಲಾರದ ಅಮ್ಮ