ಕುಡಿಯದೆ ಇಟ್ಟ ಕಾಫಿ

ಅಕಬಾದ ಬಿಸಿಲಿಗೆ ಕಾಲು ಚಾಚಿ, ಸನದ್ ಅಣ್ಣನ ಮಕ್ಕಳ ಮೇಲೆ ರೇಗುತ್ತ ಕೂತಿರುವ ಅಪ್ಪನಿಗೆ, ತಫೀಲಾದ ಚಳಿಯಿಂದ ಮಗಳು ಖಿತಾಮ್ ಮಾಡುವ ಸಲಾಮುಗಳು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನನಗೆ ಕೇಳಲೆಂದು ನೀನು ಕಿರುಚುವುದು, ಏನಾಯಿತೋ ಎಂದು ಅತ್ತಿಗೆ ಓಡಿಬರುವುದು, ಆ ಗದ್ದಲದಲ್ಲಿ ಆಡುವ ಮಾತಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ.

ಇವತ್ತು ಯಂತ್ರ ಬಂತು ಅಪ್ಪಾ. ಹಳ್ಳಿ ಶಾಲೆಗಳ ಮಕ್ಕಳ ಕಿವಿ ಪರೀಕ್ಷೆ ಮಾಡುತ್ತೇವೆ, ಯಾವ ಊರಲ್ಲಿ ಎಷ್ಟು ಮಕ್ಕಳಿಗೆ ಕೇಳುವುದಿಲ್ಲ ಎಂದು ಬರೆದಿಡುತ್ತೇವೆ ಎಂದು ನಮ್ಮ ಮನೆಗೆ ಬಂದಿದ್ದರಲ್ಲ, ವಿಶ್ವವಿದ್ಯಾಲಯದ ಆ ಹುಡುಗರು, ಅವರೇ ತಂದರು. ನಾನು ಪಾಠ ಹೇಳುವ ಎರಡನೇ ತರಗತಿಯಿಂದಲೇ ಶುರು ಮಾಡಿದರು.

ಅವರು ಮನೆಗೆ ಬಂದ ಶುಕ್ರವಾರವನ್ನು ನೆನೆದರೆ ಈಗಲೂ ನಗು ಬರುತ್ತದೆ. ತಂಡದ ಮುಂದಾಳು ಲುಜೈನ್ ಎಂಬ ಹುಡುಗಿ ಆಮೇಲೆ ನನಗೆ ಎಲ್ಲ ಹೇಳಿದಳು. ವಿಶ್ವವಿದ್ಯಾಲಯದವರು ಈ ವರ್ಷ ಹಣವಿಲ್ಲ ಅಂದರಂತೆ. ಕಂಪನಿಗಳಿಗೆ ಕಳಿಸಿದ ಅರ್ಜಿಗಳೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತಂತೆ. ಇನ್ನೂ ತಡವಾದರೆ ಕೆಲಸವನ್ನೇ ಕೈಬಿಡಬೇಕು. ಆಗ ಅವಳ ಅಜ್ಜ ಹಾಜಿ ಮುಫ್ಲಿಹ್ ಅಂದರಂತೆ: "ಕಾಗದಕ್ಕೆ ಯಾರೂ ನಾಚ್ಕೊಳ್ಳಲ್ಲ ಮಗಳೇ, ಬಾಗಿಲಿಗೆ ಬಂದೋರಿಗೆ ನಾಚ್ಕೊಳ್ತಾರೆ. ಹುಡುಗರಿಗೆ ಇಸ್ತ್ರಿ ಮಾಡಿದ ಕೋಟು ಹಾಕ್ಸು. ನಾನು ಮುಂದೆ ನಡೀತೀನಿ."

ನಡೆದೇಬಿಟ್ಟರು. ಕೋಟು ತೊಟ್ಟ ಗಂಡಸರು ಸಾಲಾಗಿ ಒಳಗೆ ಬಂದರು. ಹೀಗೆ ಕೇಳಲು ಹೋಗುವಾಗ ಹೆಣ್ಣುಮಕ್ಕಳು ಬರುವ ವಾಡಿಕೆಯಿಲ್ಲವೆಂದು ಲುಜೈನ್‌ಳನ್ನು ವ್ಯಾನಿನಲ್ಲೇ ಕೂರಿಸಿದ್ದರು. ಅವಳೊಬ್ಬಳು ಹೊಸಿಲು ದಾಟಿದ್ದರೆ ಇಷ್ಟು ಅವಾಂತರ ಆಗುತ್ತಿರಲಿಲ್ಲ. ನೀನು ಕಾಫಿ ಬಗ್ಗಿಸಿ ಕೊಟ್ಟೆ. ಹಾಜಿ ಬಟ್ಟಲನ್ನು ತುಟಿಗೆ ಮುಟ್ಟಿಸದೆ ಮುಂದಿಟ್ಟುಕೊಂಡರು. ಕೇಳಿದ್ದು ಸಿಗುವ ತನಕ ಕುಡಿಯುವುದಿಲ್ಲ ಎಂದು, ಹೆಣ್ಣು ಕೇಳಲು ಬಂದವರು ಮಾಡುವ ಹಾಗೆ. ಮೂವತ್ತು ದಾಟಿದ ಮಗಳಿರುವ ಮನೆಗೆ ಬಂದು ಹೀಗೆ ಕೂತರೆ, ಕೇಳುವುದು ಇನ್ನೇನನ್ನು? ಅವರು ಬಾಯಿ ತೆರೆಯುವ ಮೊದಲೇ ನೀನು ಅಂದುಬಿಟ್ಟೆ: "ಕುಡೀರಿ ಹಾಜಿ. ನೀವು ಕೇಳೋಕೆ ಬಂದದ್ದು ಕೊಟ್ಟೆ."

ಒಳಗೆ ಅಮ್ಮ, ಕೂಸು ಹುಟ್ಟುವ ಮೊದಲೇ ಕುಲಾವಿ ಎಂಬಂತೆ, ನಾಲಿಗೆ ಹೊರಳಿಸಿ ಮದುವೆಮನೆಯ ಕೇಕೆ ಹಾಕಿದಳು. ಪಕ್ಕದ ಮನೆಯವಳೂ ಗೋಡೆಯಾಚೆಯಿಂದ ದನಿಗೂಡಿಸಿದಳು. ನಾನು ನನ್ನ ಕೇಳುವ ಒಂದು ಕಿವಿಯನ್ನು ಬಾಗಿಲಿಗೆ ಹಚ್ಚಿ ನಿಂತಿದ್ದೆ. ಕೇಕೆ ನಿಂತ ಮೇಲೆ ಹಾಜಿ ನಿನಗೆ ಮೆಲ್ಲಗೆ ಹೇಳಿದರು: "ಅಬೂ ಸನದ್, ದೇವರು ನಿನ್ನ ಮಗಳಿಗೆ ಒಳ್ಳೇದು ಮಾಡ್ಲಿ. ನಾವು ಬಂದದ್ದು ಮಕ್ಕಳ ಕಿವಿ ನೋಡೋ ಯಂತ್ರಕ್ಕೆ ದುಡ್ಡು ಕೇಳೋಕೆ. ಬೇಗ ಗೊತ್ತಾದ್ರೆ ಎಷ್ಟೋ ಕಿವಿ ಉಳೀತಾವೆ."

ಸಿಟ್ಟು ಬಂದದ್ದು ಅವರ ಮೇಲಲ್ಲ, ನಿನ್ನ ಮೇಲೆ. ಹುಡುಗ ಯಾರು, ಎಂಥವನು ಎಂದು ಒಂದು ಮಾತು ಕೇಳಬೇಡವೇ? ಬಾಡುತ್ತಿರುವ ಟೊಮೇಟೊ ಸಾಗಹಾಕುವವನ ಹಾಗೆ 'ಕೊಟ್ಟೆ' ಅನ್ನುವುದೇ? ಅರ್ಧ ಕಿವುಡಿಯನ್ನು ಯಾರೂ ಕೇಳಲಿಕ್ಕಿಲ್ಲವೆಂಬ ಹೆದರಿಕೆ ನಿನಗೆ, ಗೊತ್ತು. ಗೊತ್ತಿದ್ದರೂ ನೋವಾಯಿತು ಅಪ್ಪಾ.

ಆಡಿದರೆ ಹೋಯಿತು ಮಾತು, ನಿಜ. ಆದರೂ ನೀನು ಹಿಂದೆ ಸರಿದಿದ್ದರೆ ಹಾಜಿ ನಕ್ಕು ಎದ್ದು ಹೋಗುತ್ತಿದ್ದರು. ನೀನು ನೆಟ್ಟಗೆ ಅಡುಗೆಮನೆಗೆ ಬಂದೆ. ಕಲ್ಲಿನ ವ್ಯಾಪಾರ ಬಿದ್ದುಹೋಗಿದೆ, ಕೈಯಲ್ಲಿರುವುದು ನನ್ನ ಮದುವೆಗೆಂದು ಎತ್ತಿಟ್ಟದ್ದು ಮಾತ್ರ, ನಾನು ಬೇಡವೆಂದರೆ ಬೇಡ ಎಂದು ನೀನೇ ಅಂದೆ. ಅಷ್ಟರಲ್ಲಿ ನಾನು ಕಸೂತಿಯ ಹೊಸ ಉಡುಪು ಹೊರತೆಗೆದಾಗಿತ್ತು. ಆಸೆ ನನಗೂ ಇತ್ತು, ಯಾಕೆ ಸುಳ್ಳು ಹೇಳಲಿ? "ಕೊಟ್ಟೆ ಅಂದಾಯ್ತಲ್ಲ, ಕೊಡು. ಕಾಫಿ ಆರ್ತಿದೆ" ಎಂದು ನಾನಂದೆ. ಆಗ ನೀನು ನನ್ನ ಎಡಗಡೆಗೆ, ಕೇಳದ ಕಿವಿಯ ಕಡೆಗೆ ಬಂದು, ತಲೆ ತಗ್ಗಿಸಿ ಏನೋ ಹೇಳಿದೆ. ನನಗೆ ಒಂದಕ್ಷರವೂ ಕೇಳಲಿಲ್ಲ. ಅಲ್ಲಿ ನಿಂತು ನೀನು ಯಾವತ್ತೂ ನನ್ನೊಡನೆ ಮಾತಾಡಿದವನಲ್ಲ. ಬೇಕೆಂದೇ ನಿಂತೆ ಅಂತ ಗೊತ್ತಾಯಿತು, ಕೆದಕಲಿಲ್ಲ.

ಇವತ್ತು ನನ್ನ ತರಗತಿಯ ಜೂದ್ ಎಂಬ ಪುಟಾಣಿಯ ಸರದಿ. ಕರೆದರೆ ಓಗೊಡದ ಹಠಮಾರಿ ಎಂದು ಮನೆಯಲ್ಲಿ ಅವಳಿಗೆ ದಿನಾ ಪೆಟ್ಟು. ಸದ್ದು ಕೇಳಿದಾಗ ಕೈ ಎತ್ತು ಎಂದು ಲುಜೈನ್ ಹೇಳಿಕೊಟ್ಟಳು. ಒಂದು ಕಿವಿಗೆ ಎತ್ತಿದಳು, ಇನ್ನೊಂದಕ್ಕೆ ಸುಮ್ಮನೆ ಕೂತಿದ್ದಳು. ಪರೀಕ್ಷೆ ನೋಡಲು ಬಂದಿದ್ದ ವೈದ್ಯರು, ಒಳಗೆ ನೀರು ತುಂಬಿದೆ, ಈಗಲೇ ಔಷಧಿ ಮಾಡಿದರೆ ಸರಿಹೋಗುತ್ತದೆ ಅಂದರು. ಅವಳ ಅಪ್ಪನನ್ನೂ ಕರೆಸಿದ್ದೆ, ಟ್ರಕ್ ಓಡಿಸುವ ಗಟ್ಟಿ ಆಳು. ಮಗಳೆದುರು ಮಂಡಿಯೂರಿ ಕೂತ. "ನಿಂಗೆ ಕೇಳಿಸ್ತಿರಲಿಲ್ಲ ಕಂದಾ, ನಾನು ಹೊಡೆದೆ. ಕ್ಷಮಿಸೇ" ಎಂದು ಅತ್ತ.

ನಾನು ಕಿಟಕಿಯ ಕಡೆ ತಿರುಗಿ ನಿಂತೆ. ಚಿಕ್ಕಂದಿನಲ್ಲಿ ನನ್ನ ಕಿವಿ ಸೋರುತ್ತಿದ್ದ ವರ್ಷ ನೀನೂ ಹೊಡೆದಿದ್ದೆ, ಹಠಮಾರಿ ಎಂದೇ. ಅಡುಗೆಮನೆಯಲ್ಲಿ ನೀನು ಏನು ಹೇಳಿರಬಹುದೆಂದು ಇವತ್ತು ಹೊಳೆಯಿತು.

ಅದೇ ಮಾತಾಗಿದ್ದರೆ, ಅಪ್ಪಾ, ಕ್ಷಮಿಸಲು ಇನ್ನೇನೂ ಉಳಿದಿಲ್ಲ, ಎಂದೋ ಕ್ಷಮಿಸಿಯಾಗಿದೆ. ಬೇರೇನಾದರೂ ಆಗಿದ್ದರೆ, ಚಳಿ ಕಳೆದ ಮೇಲೆ ಬಾ, ನನ್ನ ಬಲಗಡೆ ಕೂತು ಇನ್ನೊಂದು ಸಲ ಹೇಳು.

ನಿನ್ನ ಮಂಡಿನೋವನ್ನು ದೇವರು ಕಡಿಮೆ ಮಾಡಲಿ, ನಿನ್ನ ನೆರಳು ನಮ್ಮ ತಲೆಯ ಮೇಲಿರಲಿ.

ಯಾರಿಗೂ ಕೊಟ್ಟುಬಿಡದೆ ನಿನ್ನವಳಾಗಿಯೇ ಉಳಿದಿರುವ,
ಖಿತಾಮ್