ಒಂದು ಬೆರಳಿನ ಜಾಗ

ಜೂನ್ 9, ಮಂಗಳವಾರ
ಬೆಳಗಿನ ಹತ್ತು ಗಂಟೆ

ಮಗಳೇ,

ಹೇಗಿದ್ದೀಯಾ? ನಿನ್ನ ಪತ್ರ ಬಂದು ಮೂರು ತಿಂಗಳ ಮೇಲಾಯಿತು. ಉತ್ತರ ಬರೆಯದ್ದಕ್ಕೆ ಬೈದುಕೋ, ಆದರೆ ಪೂರ್ತಿ ಓದಿದ ಮೇಲೆ ಬೈದುಕೋ. ಸೆಕೆ, ನೀರಿಲ್ಲ, ಕೈಗೆ ಬಿಡುವಿಲ್ಲ ಎಂದು ನೆಪಗಳ ದೊಡ್ಡ ಗಂಟೇ ಇದೆ ನನ್ನ ಹತ್ತಿರ. ನಿಜ ಅದಲ್ಲ. ನೀನು ಕೇಳಿದ್ದು ಒಂದೇ ಮಾತು: "ಅತ್ತೆ, ನಾವಿಬ್ಬರೂ ಒಂದು ಸಲ ಮನೆಗೆ ಬರಬಹುದಾ?" ಆ 'ಇಬ್ಬರೂ' ಎಂಬಲ್ಲಿಗೆ ಬಂದಾಗಲೆಲ್ಲ ಕಾಗದ ಮಡಚಿ ಹೊಲಿಗೆ ಯಂತ್ರದ ಡ್ರಾಯರಿನೊಳಗೆ ಇಟ್ಟುಬಿಡುತ್ತಿದ್ದೆ. ನನ್ನ ಮಗ ಹೋಗಿ ಐದು ವರ್ಷವಾಯಿತು. ನೀನು ಮತ್ತೆ ಮದುವೆಯಾಗಬೇಕು ಎಂದು ಹಟ ಹಿಡಿದವಳೂ ನಾನೇ. ಆದರೂ ಉತ್ತರ ಬರೆಯಲು ಕೈ ಏಳಲಿಲ್ಲ.

ಇವತ್ತು ಎದ್ದಿದೆ. ಮೊದಲು ಹಿತ್ತಲಿನ ಸುದ್ದಿ ಹೇಳಿಬಿಡುತ್ತೇನೆ. ನಿನಗೆ ನನಗಿಂತ ಗಿಡಗಳ ಚಿಂತೆಯೇ ಜಾಸ್ತಿ ಎಂದು ಗೊತ್ತಿದೆ.

ಈ ಸಲದ ಬೇಸಿಗೆ ಬೇಸಿಗೆಯಲ್ಲ, ಬೆಂಕಿ. ಮಧ್ಯಾಹ್ನ ಹಿಂಬಾಗಿಲ ಚಿಲಕ ಮುಟ್ಟಿದರೆ ಕೈ ಚುರ್ ಎನ್ನುತ್ತಿತ್ತು. ನಲ್ಲಿಯಲ್ಲಿ ನೀರು ಮೂರು ದಿನಕ್ಕೊಮ್ಮೆ, ಅದೂ ಒಂದು ಗಂಟೆ, ಅದೂ ಅದರ ಮರ್ಜಿ. ಏಪ್ರಿಲ್ ಮೊದಲ ವಾರದಲ್ಲೇ ಬದನೆ ತಲೆ ಬಗ್ಗಿಸಿತು. ನಾನು ನಡುಮಧ್ಯಾಹ್ನ ಚೊಂಬು ಹಿಡಿದು ಓಡಾಡಿ ಎಲ್ಲಕ್ಕೂ ಚೂರು ಚೂರು ನೀರು ಚಿಮುಕಿಸಿದೆ. ಮಾರನೆಯ ದಿನ ಇನ್ನೆರಡು ಗಿಡ ಮಲಗಿದವು.

ಆಗ ಕಾಪಾಡಿದ್ದು ನಿನ್ನ ಚೀಟಿ. ಹೋದ ಸೆಪ್ಟೆಂಬರಿನಲ್ಲಿ ಮದುವೆಗೆಂದು ಹೊರಡುವ ಮುಂಚೆ ಅಡುಗೆಮನೆಯ ಬೀರುವಿನ ಬಾಗಿಲ ಒಳಗಡೆ ಅಂಟಿಸಿ ಹೋಗಿದ್ದೆಯಲ್ಲ, ಅದು. 'ಅತ್ತೆ, ಸೂರ್ಯ ಏಳೋ ಮುಂಚೆ ನೀರು ಹಾಕಿ. ದಿನಾ ಚೂರು ಚೂರು ಬೇಡ, ವಾರಕ್ಕೆ ಎರಡು ಸಲ ಬೇರಿಗೆ ಮುಟ್ಟೋ ಹಾಗೆ ಹಾಕಿ. ಬುಡಕ್ಕೆ ಒಣಗಿದ ಎಲೆ ಹೊದಿಸಿ. ಸುಟ್ಟ ಎಲೆ ಕೀಳಬೇಡಿ. ಗೂಟಕ್ಕೆ ಕಟ್ಟಿದರೆ ಒಳಗೆ ಒಂದು ಬೆರಳು ಹೋಗಬೇಕು.' ನರ್ಸರಿಗೆ ಬರುವ ಗಿರಾಕಿಗಳಿಗೆ ಹೇಳಿ ಹೇಳಿ ರೂಢಿಯಾದ ಧಾಟಿ. ಓದುವಾಗ ನೀನೇ ಸೊಂಟದ ಮೇಲೆ ಕೈಯಿಟ್ಟು ಪಕ್ಕದಲ್ಲಿ ನಿಂತ ಹಾಗಾಗುತ್ತದೆ.

ಸುಟ್ಟ ಎಲೆಯದ್ದೇ ನನಗೆ ದೊಡ್ಡ ಪರೀಕ್ಷೆಯಾಯಿತು. ದಾರ ಇಳಿಬಿದ್ದದ್ದು ಕಂಡರೆ ಕತ್ತರಿ ಹುಡುಕುವ ಕೈ ನನ್ನದು. ಕಂದು ಬಣ್ಣಕ್ಕೆ ತಿರುಗಿ ಮುರುಟಿದ ಎಲೆಗಳನ್ನು ಕಣ್ಣೆದುರು ಬಿಟ್ಟುಕೊಂಡು ಸುಮ್ಮನಿರುವುದೆಂದರೆ! ಆದರೂ ತಡೆದುಕೊಂಡೆ. ಒಂದು ದಿನ ಬಗ್ಗಿ ನೋಡಿದರೆ ಆ ಸುಟ್ಟ ಎಲೆಗಳ ಕೆಳಗೆ, ಅವುಗಳ ನೆರಳಲ್ಲೇ, ಪುಟಾಣಿ ಹಸಿರು ಎಲೆಗಳು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ನೀನು ಇಲ್ಲಿಲ್ಲದೆಯೂ ಈ ಮನೆ ನೋಡಿಕೊಳ್ಳುತ್ತಿದ್ದೀಯಲ್ಲ ಎನಿಸಿ ಕಣ್ಣು ತುಂಬಿ ಬಂತು.

ನನ್ನ ಕೈಯಿಂದಲೂ ಒಂದು ಉಪಕಾರ ಆಗಲಿ ಎಂದು ಹಳೇ ಪರದೆಗಳನ್ನು ಜೋಡಿಸಿ ಗಿಡಗಳ ಮೇಲೆ ಕಟ್ಟುವ ನೆರಳು ಹೊಲಿದೆ. ಮೂಲೆ ಮೂಲೆಗೂ ಕುಣಿಕೆ, ಅಂಚಿಗೆ ಎರಡು ಸಲ ಹೊಲಿಗೆ. ಮಹಡಿ ಮನೆಯ ಡ್ರೈವರು ಇಣುಕಿ ನೋಡಿ, "ಏನ್ ಟೈಲರಮ್ಮ, ಟೊಮೆಟೊಗೆ ಯೂನಿಫಾರಂ ಹೊಲಿತಿದೀರಾ?" ಅಂದರು. "ಹೂಂ, ಸೋಮವಾರದಿಂದ ಶಾಲೆಗೆ ಕಳಿಸ್ತೀನಿ" ಅಂದೆ. ನಕ್ಕು ಒಳಗೆ ಹೋದ ಮನುಷ್ಯ ಒಂದು ಬಕೆಟ್ ಹಿಡಿದು ಕೆಳಗಿಳಿದು ಬಂದರು. "ಬಟ್ಟೆ ಕೊನೇ ಸಲ ಜಾಲಿಸಿದ ನೀರು. ಸೋಪಿಲ್ಲ, ಗಿಡಕ್ಕೆ ಹಾಕಿ." ಅವತ್ತಿನಿಂದ ಒಂದು ದಿನವೂ ತಪ್ಪಿಸಲಿಲ್ಲ. ಬಸ್ಸು ಓಡಿಸಿ ಓಡಿಸಿ ಸೊಂಟ ಸವೆದ ಮನುಷ್ಯ, ಮೆಟ್ಟಿಲಿಗೊಮ್ಮೆ ನಿಂತು ಉಸಿರು ಬಿಡುತ್ತಾ ತರುತ್ತಿದ್ದರು. ಅವರ ಋಣ ಹೇಗೆ ತೀರಿಸಲಿ? ಸದ್ಯಕ್ಕೆ ಎರಡು ಪ್ಯಾಂಟಿನ ಜಿಪ್ಪು ಹಾಕಿಕೊಟ್ಟಿದ್ದೇನೆ.

ಮೇ ಮೂವತ್ತಕ್ಕೆ, ಶನಿವಾರ ಮಧ್ಯಾಹ್ನ, ಮೊದಲು ಧೂಳು ಬಂತು. ಆಮೇಲೆ ಗಾಳಿ, ಆಮೇಲೆ ಆಲಿಕಲ್ಲು. ನಾನು ಹೊಲಿದ ನೆರಳು ಹಾರಿ ಡ್ರೈವರ ಬಾಲ್ಕನಿ ಸೇರಿತು. ಕುಣಿಕೆ ಮಾತ್ರ ಒಂದೂ ಕಿತ್ತಿರಲಿಲ್ಲ, ಅಷ್ಟು ಹೆಮ್ಮೆ ಇರಲಿ ನನಗೆ. ಕೊನೆಗೆ ಮಳೆ. ಎಷ್ಟೋ ತಿಂಗಳ ಮೇಲೆ ಮಳೆ ಕಣೇ! ಈ ವಯಸ್ಸಿಗೆ ನೆಗಡಿಯಾಗುತ್ತದೆ ಎಂದು ಗೊತ್ತಿದ್ದೂ ಹಿತ್ತಲಿಗೆ ಹೋಗಿ ನಿಂತೆ. ಇದ್ದಬದ್ದ ಪಾತ್ರೆಗಳನ್ನೆಲ್ಲ ಹೊರಗೆ ತಂದಿಟ್ಟೆ. ತುಂಬಿದ ಮೇಲೆ ಏನು ಮಾಡುವುದೆಂದು ತೋಚದೆ ಒಬ್ಬಳೇ ನಗುತ್ತಿದ್ದೆ.

ಆಮೇಲೆ ದಾಳಿಂಬೆ ಕಂಡಿತು. ನೀನೂ ನನ್ನ ಮಗನೂ ಸೇರಿ ನೆಟ್ಟದ್ದು. ಅವನು ತಾನೇ ಇಳಿದು ನಿಲ್ಲುವಷ್ಟು ದೊಡ್ಡ ಗುಂಡಿ ತೋಡಿ ನಿನ್ನ ಕೈಲಿ ಬೈಸಿಕೊಂಡಿದ್ದನಲ್ಲ, ಆ ದಾಳಿಂಬೆ. ಗೂಟಕ್ಕೆ ಕಟ್ಟಿದ್ದ ಜಾಗದಲ್ಲೇ ಮುರಿದು ಬಿದ್ದಿತ್ತು.

ಡ್ರೈವರು ಬಂದು ನೋಡಿದರು. "ಮಿಕ್ಕ ಗಿಡ ಎಲ್ಲ ಗಾಳಿಗೆ ಬಗ್ಗಿ ಎದ್ದಿವೆ. ಇದಕ್ಕೆ ಅಲ್ಲಾಡೋಕೇ ಬಿಟ್ಟಿಲ್ಲವಲ್ಲ" ಅಂದರು. ತೊಗಟೆಯೊಳಗೆ ಕಚ್ಚಿಕೊಂಡಿದ್ದ ಪಟ್ಟಿಯನ್ನು ಬೆರಳಲ್ಲಿ ಎಳೆದು, "ನೀಲಿ ಗೆರೆ. ಒಳ್ಳೇ ಅಂಗಿ ಬಟ್ಟೆ ಕಣ್ರಿ ಇದು. ಯಾರು ಇಷ್ಟು ಬಿಗಿಯಾಗಿ ಕಟ್ಟಿದ್ದು?" ಎಂದು ಕೇಳಿದರು. "ಗಾಳಿ ಜೋರಿತ್ತು ಅಲ್ವಾ" ಎಂದು ಮಾತು ತೇಲಿಸಿದೆ.

ಬುಡ ಕಿತ್ತು ಹಾಕೋಣವೆಂದರೆ ಮನಸ್ಸು ಬರಲಿಲ್ಲ. ಹತ್ತು ದಿನ ಆ ಕಡೆ ನೋಡಲೇ ಇಲ್ಲ. ಇವತ್ತು ಬೆಳಿಗ್ಗೆ ಕಸ ಗುಡಿಸುತ್ತಾ ಹೋದರೆ, ಮುರಿದದ್ದರ ಕೆಳಗೆ ನಾಲ್ಕು ಚಿಗುರು! ತುದಿ ಇನ್ನೂ ಕೆಂಪಗಿದೆ. ಪೊರಕೆ ಅಲ್ಲೇ ಬಿಟ್ಟು ಒಳಗೆ ಬಂದು ಡ್ರಾಯರಿನಿಂದ ನಿನ್ನ ಪತ್ರ ತೆಗೆದೆ.

ಬನ್ನಿ. ಇಬ್ಬರೂ ಬನ್ನಿ. ಮುಂದಿನ ಕೋಣೆ ಸಾರಿಸಿ ಇಡುತ್ತೇನೆ. ನಾಲ್ಕು ಚಿಗುರಲ್ಲಿ ಯಾವುದು ಉಳಿಸಬೇಕು, ಯಾವುದು ಕತ್ತರಿಸಬೇಕು ಎಂದು ನೀನೇ ಬಂದು ಹೇಳು. ಅಲ್ಲಿಯವರೆಗೆ ಕತ್ತರಿ ಮುಟ್ಟುವುದಿಲ್ಲ, ಆಣೆ.

ಈ ಮನೆಗೆ ನೀನು ಕೊಟ್ಟದ್ದಕ್ಕೆಲ್ಲ ಲೆಕ್ಕವಿಲ್ಲ ಮಗಳೇ. ನೀನು ನೆಟ್ಟದ್ದೆಲ್ಲ ಬೇರು ಬಿಡಲಿ. ನಿಮ್ಮಿಬ್ಬರ ಮನೆ ತಂಪಾಗಿರಲಿ. ನಿನಗೀಗ ಹೊಸ ಅತ್ತೆ ಇದ್ದಾರೆ, ಅವರಿಗೆ ನನ್ನ ನಮಸ್ಕಾರ ತಿಳಿಸು. ಸುಟ್ಟ ಎಲೆ ಕೀಳಬಾರದೆಂದು ಅವರಿಗೂ ಕಲಿಸು.

ನಿನ್ನ
ಹಳೇ ಅತ್ತೆ

ತಾ.ಕ.: ನಿನ್ನ ಮದುವೆಯ ದಿನ ನನಗೆ ಮಂಡಿನೋವು ಇರಲಿಲ್ಲ. ಡ್ರೈವರು ಕಾರು ತಂದು ಬಾಗಿಲಲ್ಲೇ ನಿಲ್ಲಿಸಿದ್ದರು. ನಾನೇ ಸುಳ್ಳು ಹೇಳಿ ಅವರೊಬ್ಬರನ್ನೇ ಕಳಿಸಿದೆ. ನಿನ್ನ ಯಜಮಾನರಿಗೆಂದು ನೀಲಿ ಗೆರೆಯ ಬಟ್ಟೆ ತಂದು ಅಂಗಿ ಹೊಲಿಯುತ್ತಿದ್ದೆ. ಅಳತೆ ಕೇಳಲು ಸಂಕೋಚ. ಎರಡು ಸಲ ನೋಡಿದ್ದೇನಲ್ಲ, ಕಣ್ಣಂದಾಜು ಸಾಕು ಎಂದುಕೊಂಡೆ. ಆ ಬೆಳಿಗ್ಗೆ ಕಾಲರು ಒಂದೇ ಬಾಕಿ ಇತ್ತು. ಸೀಮೆಸುಣ್ಣದಲ್ಲಿ ಗುರುತು ಹಾಕಿ ನೋಡಿದರೆ ಹದಿನೈದೂವರೆ ಇಂಚು. ಅದು ನನ್ನ ಮಗನ ಕುತ್ತಿಗೆ. ಅಂಗಿ ಹರಡಿ ನೋಡಿದೆ. ತೋಳೂ ಅವನದೇ, ಹೆಗಲೂ ಅವನದೇ. ಅದನ್ನು ಪಟ್ಟಿ ಪಟ್ಟಿಯಾಗಿ ಹರಿದು, ಇದೊಂದಾದರೂ ನನ್ನನ್ನು ಬಿಟ್ಟು ಎಲ್ಲೂ ಹೋಗದಿರಲಿ ಎಂದು ದಾಳಿಂಬೆಯನ್ನು ಗೂಟಕ್ಕೆ ಬಿಗಿದೆ. ನಿನ್ನ ಚೀಟಿ ಓದಿದ ಮೇಲೂ ಸಡಿಲಿಸಲಿಲ್ಲ. ನಲವತ್ತು ವರ್ಷ ಊರ ಮಕ್ಕಳ ಕಾಲರಿಗೆಲ್ಲ ಒಂದು ಬೆರಳಿನ ಜಾಗ ಬಿಟ್ಟು ಹೊಲಿದವಳು ನಾನು. ನನ್ನನ್ನು ಕ್ಷಮಿಸು.

ಬರುವ ಮುಂಚೆ ಅವರ ಕುತ್ತಿಗೆಯ ಅಳತೆ ಬರೆದು ಕಳಿಸು. ಟೇಪು ಮೈಗೆ ತಾಗಿಸಿಯೇ ಹಿಡಿ. ಒಂದು ಬೆರಳು ನಾನು ಬಿಡುತ್ತೇನೆ.